ನಾನು ಕಾಪಾಡಿದೆನೆನ್ನಲಾದ ಮೇಡಂ

ಕಾಪುವಿನಲ್ಲಿ ಹುಟ್ಟಿದವನಿಗೆ ಈಜು ಬರುವುದಿಲ್ಲ ಎಂದರೆ ಯಾರೂ ನಂಬುವುದಿಲ್ಲ. ಈ ಅಪನಂಬಿಕೆಯ ಲಾಭವನ್ನು ನಾನು ಐವತ್ತು ವರ್ಷ ಧಾರಾಳವಾಗಿ ಪಡೆದೆ. ನಮ್ಮ ಮನೆಯ ಅಂಗಳಕ್ಕೆ ಸಮುದ್ರದ ಸದ್ದು ಕೇಳುತ್ತಿತ್ತು, ಅಷ್ಟೇ. ನಾನು ನೀರಿಗಿಳಿದದ್ದು ಮೊಣಕಾಲಿನವರೆಗೆ, ಅದೂ ಪಂಚೆ ಎತ್ತಿ ಹಿಡಿದುಕೊಂಡು. ಆದರೆ ಉಡುಪಿಯಲ್ಲಿ ಕನ್ನಡಕದ ಅಂಗಡಿ ಇಟ್ಟ ಮೇಲೆ, ಘಟ್ಟದ ಮೇಲಿನಿಂದ ಬಂದ ಗಿರಾಕಿಗಳಿಗೆ ಫ್ರೇಮು ತೋರಿಸುತ್ತಾ, "ಬೀಚಿಗೆ ಹೋಗುವುದಾದರೆ ಜಾಗ್ರತೆ, ಈಗ ಸೆಳೆತ ಜಾಸ್ತಿ ಉಂಟು" ಎಂದು ತಿಳಿದವನ ಹಾಗೆ ಹೇಳುತ್ತಿದ್ದೆ. ಅವರು ಗೌರವದಿಂದ ತಲೆಯಾಡಿಸುತ್ತಿದ್ದರು.

ಆ ಗೌರವಕ್ಕೆ ಕುತ್ತು ತಂದದ್ದು ನನ್ನ ಮೊಣಕಾಲು. ಮೆಟ್ಟಿಲು ಇಳಿಯುವಾಗ ಎರಡೂ ಗಂಟುಗಳು ಹಳೆಯ ಬಾಗಿಲಿನ ಹಾಗೆ ಸದ್ದು ಮಾಡಲು ಶುರುವಾದಾಗ ಮಣಿಪಾಲದ ಡಾಕ್ಟರಲ್ಲಿಗೆ ಹೋದೆ. ಅವರು ನನ್ನ ಹೊಟ್ಟೆಯನ್ನೂ ಎಕ್ಸ್‌ರೇಯನ್ನೂ ಒಂದಾದ ಮೇಲೊಂದರಂತೆ ನೋಡಿ, "ನಡೆಯುವುದು ಕಡಿಮೆ ಮಾಡಿ, ಈಜಿ. ನೀವು ಕಾಪುವಿನವರಲ್ವಾ, ಸುಲಭ ಆಯ್ತು" ಎಂದರು. ಪಕ್ಕದಲ್ಲಿ ಕೂತಿದ್ದ ನನ್ನ ಹೆಂಡತಿ ನಕ್ಕ ರೀತಿಯಿಂದಲೇ ಅವರಿಗೆ ವಿಷಯ ಗೊತ್ತಾಗಿರಬೇಕು. ಹಾಗೆ ನಾನು ಮಣಿಪಾಲದ ಒಂದು ಈಜುಕೊಳದಲ್ಲಿ ನಡುವಯಸ್ಸು ದಾಟಿದವರಿಗಾಗಿ ನಡೆಯುತ್ತಿದ್ದ ಬೆಳಗಿನ ತರಗತಿಗೆ ಸೇರಿದೆ. ಅಲ್ಲಿ ಕಲಿಸುತ್ತಿದ್ದವರು ಮೇಡಂ.

ಅವರು ಈ ಸಲದ ಮಳೆಗಾಲದಲ್ಲಿ ತೀರಿಕೊಂಡರು. ಹೆಸರು ಬರೆಯುವುದಿಲ್ಲ. ನಾವು ಯಾರೂ ಅವರನ್ನು ಹೆಸರು ಹಿಡಿದು ಕರೆದವರಲ್ಲ, ಇಷ್ಟು ತಡವಾಗಿ ಕರೆಯಲು ನನಗೆ ನಾಲಗೆ ಹೊರಳುವುದಿಲ್ಲ. ಕಾರ್ಕಳದ ಕಡೆಯ ಶಾಲೆಯೊಂದರಲ್ಲಿ ವ್ಯಾಯಾಮ ಶಿಕ್ಷಕಿಯಾಗಿದ್ದು ನಿವೃತ್ತರಾದವರು. ಮದುವೆಯಾಗಿರಲಿಲ್ಲ. ಹಿರಿಯಡ್ಕದಲ್ಲಿ ಒಬ್ಬರೇ ಇದ್ದುಕೊಂಡು, ದಿನವೂ ಸ್ಕೂಟರಿನಲ್ಲಿ ಮಣಿಪಾಲಕ್ಕೆ ಬರುತ್ತಿದ್ದರು. ಮಳೆ ಬಂದರೆ ರೈನ್‌ಕೋಟು ಹಾಕುತ್ತಿರಲಿಲ್ಲ. "ಹೇಗೂ ಒದ್ದೆ ಆಗ್ಲಿಕ್ಕೇ ಹೋಗುವುದಲ್ವಾ" ಎನ್ನುತ್ತಿದ್ದರು.

ಎತ್ತರದ ಹೆಂಗಸು. ತೋಳುಗಳು ನನ್ನ ತೊಡೆಯಷ್ಟಿದ್ದವು. ಮಾತು ಜೋರು. ಕೊಂಕಣಿಯಲ್ಲಿ ದೇವರನ್ನು ಕರೆದು, ಕನ್ನಡದಲ್ಲಿ ನಮ್ಮನ್ನು ಬೈಯುತ್ತಿದ್ದರು. ಅವರಿಗೆ ಮನುಷ್ಯರ ಮುಖ ನೆನಪಿರುತ್ತಿರಲಿಲ್ಲ, ಕಾಲು ನೆನಪಿರುತ್ತಿತ್ತು. ನೀರಿನಲ್ಲಿ ಮುಖ ಅದ್ದಿಕೊಂಡವರ ಒದೆತ ನೋಡಿ ಇಂಥವರು ಎಂದು ದೂರದಿಂದಲೇ ಹೇಳುತ್ತಿದ್ದರು. ನೀರಿನ ಹೊರಗೆ ಮಾತ್ರ ಕಷ್ಟ. ಒಮ್ಮೆ ಆದಿ ಉಡುಪಿಯ ಮಾರುಕಟ್ಟೆಯಲ್ಲಿ ನಾನು ಹೆಂಡತಿಯ ಜೊತೆ ಸೌತೆಕಾಯಿ ಆರಿಸುತ್ತಿದ್ದಾಗ ಎದುರಿಗೇ ಸಿಕ್ಕಿದರು. ನಮಸ್ಕಾರ ಮಾಡಿದೆ. ಅವರು ನನ್ನನ್ನು ಮೇಲಿನಿಂದ ಕೆಳಗೆ ನೋಡಿ, ಇಡೀ ಸಂತೆಗೆ ಕೇಳುವ ಹಾಗೆ, "ಓ ಶೆಟ್ರಾ! ಬಟ್ಟೆ ಹಾಕ್ಕೊಂಡಿದ್ದೀರಿ, ಗುರುತೇ ಸಿಗಲಿಲ್ಲ ಮಾರಾಯ್ರೇ!" ಎಂದರು. ಸೌತೆಕಾಯಿ ಮಾರುವವಳು ತಕ್ಕಡಿ ಕೆಳಗಿಟ್ಟಳು. ಹೆಂಡತಿ ಮನೆಗೆ ಬರುವವರೆಗೂ ಮಾತಾಡಲಿಲ್ಲ, ಬಂದ ಮೇಲೆ ಬಾಗಿಲು ಹಾಕಿಕೊಂಡು ನಗತೊಡಗಿದವಳು ಊಟದ ಹೊತ್ತಿಗೂ ನಿಲ್ಲಿಸಲಿಲ್ಲ.

ಕಲಿಸುವ ವಿಷಯದಲ್ಲಿ ಅವರು ದಯೆ ಇಟ್ಟುಕೊಂಡಿರಲಿಲ್ಲ. ನಾನು ಕೊಳದ ಅಂಚಿನಲ್ಲಿ ನಿಂತು, ಕಿವಿಯೊಳಗೆ ನೀರು ಹೋದರೆ ಏನಾಗಬಹುದು ಎಂಬ ವಿಷಯದಲ್ಲಿ ಅವರ ಅಭಿಪ್ರಾಯ ಕೇಳುತ್ತಿದ್ದೆ. ಅವರು ಅಭಿಪ್ರಾಯ ಹೇಳುತ್ತಿರಲಿಲ್ಲ, ಬೆನ್ನಿಗೆ ಕೈ ಇಟ್ಟು ದೂಡುತ್ತಿದ್ದರು. ನನ್ನ ಬ್ಯಾಚಿನಲ್ಲಿದ್ದ ದಂತವೈದ್ಯರೊಬ್ಬರನ್ನೂ ಹಾಗೆಯೇ ದೂಡಿದ್ದರು. "ಹೆದರಿಕೆ ಎಂತಕ್ಕೆ? ನೀರು ಕಚ್ತದಾ?" ಎಂಬುದು ಅವರ ಪ್ರಶ್ನೆ. ಅದಕ್ಕೆ ಉತ್ತರ ಕೊಡಲು ಬಾಯಿ ತೆರೆದರೆ ಬಾಯಿಯೊಳಗೆ ನೀರು. ಹೆದರಿಕೆ ಎಂದರೇನೆಂದು ಅವರಿಗೆ ನಿಜಕ್ಕೂ ತಿಳಿದಿರಲಿಲ್ಲ. ಅಜೆಕಾರಿನಲ್ಲಿ ಅವರು ಹುಟ್ಟಿದ ಮನೆಯ ಪಕ್ಕದ ಕೆರೆಯಲ್ಲಿ, ನಡೆಯಲು ಕಲಿತ ಕೂಡಲೇ ಈಜಲೂ ಕಲಿತವರಂತೆ. ಹಾಗಾಗಿ ನಮ್ಮ ಹೆದರಿಕೆಯನ್ನು ಅವರು ಒಂದು ತರಹದ ಸೋಮಾರಿತನ ಎಂದುಕೊಂಡಿದ್ದರು.

ದೂಡಿಸಿಕೊಂಡು ದೂಡಿಸಿಕೊಂಡು, ಬೇರೆಯವರು ಕೊಳದ ಆಚೆ ದಡ ಮುಟ್ಟಿ ಬಂದು ಎಷ್ಟೋ ಕಾಲವಾದ ಮೇಲೆ, ನಾನೂ ಹೇಗೋ ತೇಲತೊಡಗಿದೆ. ಅದನ್ನು ಈಜು ಎನ್ನುವುದಕ್ಕಿಂತ ನೀರು ನನ್ನನ್ನು ಸಹಿಸಿಕೊಂಡಿತು ಎನ್ನುವುದು ಸರಿ.

ಲಡಾಖಿನ ವಿಷಯ ತಂದವರು ಆ ದಂತವೈದ್ಯರು. ಝಂಸ್ಕಾರ್ ಎಂಬ ನದಿ ಉಂಟು, ದೊಡ್ಡ ಕಣಿವೆಯ ಒಳಗೆ ಹರಿಯುತ್ತದೆ, ಗೈಡುಗಳು ರಬ್ಬರಿನ ದೋಣಿಯಲ್ಲಿ ಕರೆದುಕೊಂಡು ಹೋಗುತ್ತಾರೆ, ದಿನವಿಡೀ ನದಿ, ಸಂಜೆಗೆ ಮರಳಿನ ದಡದಲ್ಲಿ ಡೇರೆ, ಮರುದಿನ ಮತ್ತೆ ನದಿ, ಹೀಗೆ ಹಲವು ದಿನ ಎಂದು ಮೊಬೈಲಿನಲ್ಲಿ ಚಿತ್ರ ತೋರಿಸಿದರು. ಈಗ ಆ ಕಣಿವೆಯೊಳಗೆ ರಸ್ತೆ ಮಾಡಿದ್ದಾರಂತೆ, ಆಗ ಇರಲಿಲ್ಲ. ಮೇಡಂ ಚಿತ್ರ ನೋಡಿ, "ಹೋಗುವ. ಈ ಕೊಳದಲ್ಲೇ ಎಷ್ಟು ದಿನ ಅಂತ ಕಪ್ಪೆಗಳ ಹಾಗೆ ಇರ್ತೀರಿ?" ಎಂದರು.

ನಾನು ಒಪ್ಪಿಕೊಂಡದ್ದಕ್ಕೆ ನನ್ನದೇ ಆದ ಕಾರಣವಿತ್ತು. ಲಡಾಖ್ ಮರುಭೂಮಿ ಎಂದು ಓದಿದ್ದೆ. ಮಳೆಯಿಲ್ಲ, ಹುಲ್ಲು ಕೂಡ ಇಲ್ಲ. ಮರುಭೂಮಿಯಲ್ಲಿ ಹರಿಯುವ ನದಿಯಲ್ಲಿ ನೀರು ಎಷ್ಟಿರಲು ಸಾಧ್ಯ? ಏಪ್ರಿಲ್ ತಿಂಗಳ ನಮ್ಮ ಸ್ವರ್ಣಾ ನದಿಯಷ್ಟು, ಅಂದರೆ ಪ್ಯಾಂಟು ಮಡಚಿದರೆ ದಾಟಬಹುದಾದಷ್ಟು ಎಂದು ಲೆಕ್ಕ ಹಾಕಿದೆ. ದೋಣಿ ಎಂದರೆ ಮಲ್ಪೆಯಿಂದ ದ್ವೀಪಕ್ಕೆ ಹೋಗುವಾಗಿನ ಹಾಗೆ ಬೆಂಚಿನ ಮೇಲೆ ಕೂತು ಕಡಲೆ ತಿನ್ನುವುದು ಎಂದುಕೊಂಡಿದ್ದೆ. ಹೆಂಡತಿ, "ಅಲ್ಲಿ ಹಿಮ ಕರಗಿ ನೀರು ಬರ್ತದಂತೆ" ಎಂದಳು. "ಎಷ್ಟು ಕರಗೀತು!" ಎಂದೆ. ಕನ್ನಡಕ ನದಿಗೆ ಬೀಳದಂತೆ ತಲೆಯ ಹಿಂದೆ ಕಟ್ಟುವ ಪಟ್ಟಿಯೊಂದನ್ನು ನನ್ನದೇ ಅಂಗಡಿಯಿಂದ ನಾನೇ ಆರಿಸಿಕೊಂಡೆ. ಗಿರಾಕಿಗಳಿಗೆ ಅದನ್ನು ಗ್ಯಾರಂಟಿ ಎಂದು ಹೇಳಿಯೇ ಮಾರುತ್ತಿದ್ದೆ.

ಅಲ್ಲಿ ಹೋಗಿ ದಡದಲ್ಲಿ ನಿಂತಾಗ ನನ್ನ ಭೂಗೋಳ ಜ್ಞಾನದ ಆಳ ತಿಳಿಯಿತು. ಸುತ್ತ ಒಂದು ಗಿಡವಿಲ್ಲ, ಕಣ್ಣು ಹಾಯುವವರೆಗೆ ಕಂದು, ನೇರಳೆ, ತುಕ್ಕುಬಣ್ಣದ ಒಣ ಬೆಟ್ಟ. ಅವುಗಳ ನಡುವೆ, ಬೂದಿ ಕಲಸಿದಂಥ ಬಣ್ಣದ ನೀರು ಮಳೆಗಾಲದ ಸ್ವರ್ಣೆ ನಾಚುವ ಹಾಗೆ ನುಗ್ಗಿ ಹೋಗುತ್ತಿತ್ತು. ಬೆರಳು ಅದ್ದಿದೆ. ಬೆರಳು ಇದೆಯೋ ಇಲ್ಲವೋ ಎಂದು ತೆಗೆದು ನೋಡಬೇಕಾಯಿತು.

ಚಳಿಗೆಂದು ಮೈಗೆ ಅಂಟುವ ರಬ್ಬರಿನ ಉಡುಪು ಕೊಟ್ಟರು. ಅದರೊಳಗೆ ನನ್ನ ಹೊಟ್ಟೆಯನ್ನು ತುಂಬಿಸಲು ದಂತವೈದ್ಯರೂ ಗೈಡುಗಳ ಜೊತೆ ಬಂದಿದ್ದ ಅಡಿಗೆಯವನೂ ಸೇರಿ ಕೆಲಸ ಮಾಡಿದರು. ಮೇಲೆ ಕಿತ್ತಳೆ ಬಣ್ಣದ ಲೈಫ್ ಜಾಕೆಟ್, ತಲೆಗೆ ಹೆಲ್ಮೆಟ್. ದೋಣಿಯೂ ಕಿತ್ತಳೆ ಬಣ್ಣದ್ದೇ.

ನಮ್ಮ ಗೈಡ್ ನೇಪಾಳದವನು, ಮೂವತ್ತರ ಆಸುಪಾಸು, ಕಪ್ಪು ಕನ್ನಡಕ ಹಾಕಿಕೊಂಡು ಸ್ವಲ್ಪ ಗತ್ತಿನಲ್ಲೇ ಇದ್ದ. ನದಿಗೆ ಬಿದ್ದರೆ ಏನು ಮಾಡಬೇಕೆಂದು ಹಿಂದಿಯಲ್ಲಿ ಹೇಳಿದ. ಈಜಲು ಹೋಗಬಾರದು. ಅಂಗಾತ ಮಲಗಿ, ಕಾಲು ಮುಂದಕ್ಕೆ ಮಾಡಿ, ಕಾಲ್ಬೆರಳು ನೀರಿನ ಮೇಲೆ ಕಾಣುವಂತೆ ಇಟ್ಟುಕೊಂಡು ಹರಿವಿನ ಜೊತೆ ಹೋಗಬೇಕು, ಉಳಿದದ್ದನ್ನು ನಾವು ನೋಡಿಕೊಳ್ಳುತ್ತೇವೆ ಎಂದ. ಮೇಡಂ ಕೈಕಟ್ಟಿ ಕೇಳುತ್ತಿದ್ದವರು ನಮ್ಮ ಕಡೆ ತಿರುಗಿ, "ಅದು ಈಜು ಬಾರದವರಿಗೆ ಹೇಳುವುದು. ನೀವೆಲ್ಲ ನನ್ನ ಹತ್ರ ಕಲಿತವರು, ಮರ್ಯಾದೆ ತೆಗೀಬೇಡಿ" ಎಂದರು. ಗೈಡಿಗೆ ಕನ್ನಡ ಬರುತ್ತಿರಲಿಲ್ಲ, ಆದರೆ ಧಾಟಿ ಅರ್ಥವಾಗಿರಬೇಕು. "ಮೇಡಂ, ಇದು ಕೊಳ ಅಲ್ಲ" ಎಂದ. "ನೀರು ನೀರೇ" ಎಂದರು ಮೇಡಂ.

ಮೊದಲ ದಿನ ಸುಖವಾಗಿ ಕಳೆಯಿತು. ಎರಡನೆಯ ದಿನ ಕಣಿವೆ ಶುರುವಾಯಿತು. ಎರಡು ಕಡೆಯೂ ಬಂಡೆ ನೆಟ್ಟಗೆ ಎದ್ದು ಆಕಾಶ ಒಂದು ಸೀರೆಯ ಅಂಚಿನಷ್ಟೇ ಉಳಿಯಿತು. ಅದರೊಳಗೆ ಹೊಕ್ಕ ಮೇಲೆ ಹೊರಗೆ ಬರುವ ದಾರಿ ಒಂದೇ, ಅದು ನದಿ. ನೀರು ಬಂಡೆಗಳ ನಡುವೆ ನೊರೆಯೆದ್ದು ಧುಮುಕುವ ಜಾಗ ಬಂದಾಗಲೆಲ್ಲ ಗೈಡ್ ಹಿಂದಿನಿಂದ ಕೂಗುತ್ತಿದ್ದ, ನಾವು ಹುಟ್ಟು ಹಾಕುತ್ತಿದ್ದೆವು. ನನ್ನ ಹುಟ್ಟು ಹೆಚ್ಚಾಗಿ ಗಾಳಿಯಲ್ಲೇ ಇರುತ್ತಿತ್ತು. ಮೇಡಂ ಮುಂದಿನ ಸಾಲಿನಲ್ಲಿ ಕೂತು, ಗೈಡ್ ಹೇಳಿದ್ದನ್ನು ಇನ್ನೂ ಜೋರಾಗಿ ನಮಗೆ ಹೇಳುತ್ತಿದ್ದರು.

ಮಧ್ಯಾಹ್ನ ಊಟವಾದ ಮೇಲೆ ಒಂದು ತಿರುವಿನಲ್ಲಿ ದೋಣಿಯ ಒಂದು ಬದಿ ಬಂಡೆಗೆ ಏರಿತು. ಗೈಡ್ ಏನೋ ಕೂಗಿದ. ಅದು ಎಡವೋ ಬಲವೋ ಎಂದು ನಾನು ಯೋಚಿಸುತ್ತಿರುವಾಗಲೇ ಆಕಾಶ ಕೆಳಗೆ ಬಂತು.

ನೀರಿನೊಳಗಿಂದ ಮೇಲೆ ಬಂದಾಗ ಕನ್ನಡಕ ಇರಲಿಲ್ಲ. ಗ್ಯಾರಂಟಿಯ ಪಟ್ಟಿಯೂ ಇರಲಿಲ್ಲ. ಕನ್ನಡಕವಿಲ್ಲದಿದ್ದರೆ ನನಗೆ ಎದುರಿಗಿರುವವರು ಗಂಡಸೋ ಹೆಂಗಸೋ ಎಂದು ಗೊತ್ತಾಗುವುದಿಲ್ಲ. ಉಳಿದವರೆಲ್ಲ ಮಗುಚಿದ ದೋಣಿಯ ಹಗ್ಗ ಹಿಡಿದುಕೊಂಡಿದ್ದರಂತೆ. ನನಗೆ ದೋಣಿಯೇ ಕಾಣಲಿಲ್ಲ. ಅಂಗಾತ ಮಲಗಬೇಕೆಂದು ಗೈಡ್ ಹೇಳಿದ್ದು ನೆನಪಿಗೆ ಬಂತು ಎಂದು ಬರೆಯಲು ಆಸೆಯಿದೆ. ಹಾಗೇನೂ ಆಗಲಿಲ್ಲ. ಕೈಕಾಲು ಮರಗಟ್ಟಿ ಬೇರೇನೂ ಮಾಡಲು ಆಗದೆ, ಜಾಕೆಟ್ಟು ಹೇಗೆ ತೇಲಿಸಿತೋ ಹಾಗೆ ತೇಲಿದೆ. ಅಷ್ಟರಲ್ಲಿ ಪಕ್ಕದಲ್ಲೇ ಕಿತ್ತಳೆ ಬಣ್ಣದ ದೊಡ್ಡದೊಂದು ವಸ್ತು ಮಸುಕಾಗಿ ಕಂಡಿತು. ದೋಣಿ! ಎರಡೂ ಕೈಗಳಿಂದ ಅದನ್ನು ಬಾಚಿ ಹಿಡಿದೆ. ಹಿಡಿಯಲು ಎರಡು ಪಟ್ಟಿಗಳೂ ಸಿಕ್ಕಿದವು. "ದೋಣಿ ಸಿಕ್ಕಿತು!" ಎಂದು ಕೂಗಿದೆ ಕೂಡ.

ದೋಣಿ ನನ್ನ ಮೂಗಿಗೆ ಮೊಣಕೈಯಿಂದ ಗುದ್ದಿತು.

ಆಮೇಲೆ ಗೊತ್ತಾದದ್ದು ಇದು. ಮೇಡಂ ಬಿದ್ದ ಕೂಡಲೇ ಈಜತೊಡಗಿದ್ದರು. ಅವರಿಗೆ ಗೊತ್ತಿದ್ದದ್ದು ಅದೊಂದೇ. ದಡಕ್ಕೆ ಹೋಗಬೇಕೆಂದು ಮುಖ ಅದ್ದಿ ಕೈ ಬೀಸಿದರು. ಆದರೆ ಆ ಕಣಿವೆಯಲ್ಲಿ ದಡವೆಂದರೆ ಬಂಡೆಯ ಗೋಡೆ. ಹರಿವು ಅವರನ್ನು ಗೋಡೆಗೆ ಒಯ್ಯುವುದು, ಅಲೆ ವಾಪಸು ಎಸೆಯುವುದು, ಉಸಿರಿಗೆಂದು ತಲೆ ತಿರುಗಿಸಿದಾಗಲೆಲ್ಲ ಬಾಯಿಗೆ ನೀರು ತುಂಬುವುದು. ಅಂಥ ಹೊತ್ತಿನಲ್ಲಿ ನಾನು ಹಿಂದಿನಿಂದ ಅವರ ಜಾಕೆಟ್ಟಿನ ಹೆಗಲಪಟ್ಟಿ ಹಿಡಿದು ಜೋತುಬಿದ್ದೆ. ಅವರು ಬಿಡಿಸಿಕೊಳ್ಳಲು ನೋಡಿದರು. ನಾನು ಬಿಡಲಿಲ್ಲ. ಬಿಡುವಷ್ಟು ಧೈರ್ಯ ನನ್ನಲ್ಲಿರಲಿಲ್ಲ.

ನಮ್ಮ ಜೊತೆ ಕಯಾಕ್ ಎಂಬ ಒಬ್ಬರೇ ಕೂರುವ ಸಣ್ಣ ದೋಣಿಯಲ್ಲಿ ಬರುತ್ತಿದ್ದ ಇನ್ನೊಬ್ಬ ಗೈಡ್ ಬಂದು ನಮ್ಮಿಬ್ಬರನ್ನೂ ಎಳೆದುಕೊಂಡು ಹೋಗಿ ಒಂದು ಮರಳದಿಣ್ಣೆಗೆ ಹತ್ತಿಸಿದ. ಮೇಡಂ ಕವುಚಿ ಬಿದ್ದು ನೀರು ಕಾರಿದರು. ನಾನು ಇನ್ನೂ ಪಟ್ಟಿ ಹಿಡಿದುಕೊಂಡೇ ಇದ್ದೆ. ನನ್ನ ಬೆರಳುಗಳನ್ನು ಅವನು ಒಂದೊಂದಾಗಿ ಬಿಡಿಸಬೇಕಾಯಿತು.

ಅಷ್ಟು ಹೊತ್ತಿಗೆ ಉಳಿದವರು ದೋಣಿಯನ್ನು ಸರಿ ಮಾಡಿಕೊಂಡು ಬಂದರು. ದೂರದಿಂದ ಅವರಿಗೆ ಕಂಡದ್ದು ಇಷ್ಟು: ಮೇಡಂ ಮುಳುಗುತ್ತಿದ್ದರು, ಶೆಟ್ರು ಹಿಂದಿನಿಂದ ಬಂದು ಹೆಗಲು ಹಿಡಿದು ಅವರ ಮುಖ ನೀರಿನ ಮೇಲೆ ಎತ್ತಿದರು, ಕಯಾಕ್ ಬರುವವರೆಗೂ ಬಿಡಲಿಲ್ಲ. ದಂತವೈದ್ಯರು ಓಡಿ ಬಂದು ನನ್ನನ್ನು ಅಪ್ಪಿಕೊಂಡರು.

"ಶೆಟ್ರೇ, ನೀವು ಇಲ್ಲದಿದ್ದರೆ ಇವತ್ತು..."

"ನಾನು ದೋಣಿ ಅಂತ ಹಿಡಿದದ್ದು ಡಾಕ್ಟ್ರೇ" ಎಂದೆ. ಮೂಗಿನಿಂದ ರಕ್ತ ಸುರಿಯುತ್ತಿತ್ತು.

"ನೋಡಿ ಹೇಗೆ ಹೇಳ್ತಾರೆ!" ಎಂದರು ಅವರು, ಕಣ್ಣು ಒರೆಸಿಕೊಳ್ಳುತ್ತಾ.

ಆ ದಿನ ಮುಂದೆ ಹೋಗಲಿಲ್ಲ, ಅಲ್ಲೇ ಡೇರೆ ಹಾಕಿದರು. ನಾನು ಚೀಲದಲ್ಲಿದ್ದ ಇನ್ನೊಂದು ಕನ್ನಡಕ ತೆಗೆದು ಹಾಕಿಕೊಂಡೆ. ಮೇಡಂ ಕಂಬಳಿ ಹೊದ್ದು ನದಿಗೆ ಬೆನ್ನು ಹಾಕಿ ಕೂತಿದ್ದರು. ಬಂಡೆಯ ತುದಿಯಲ್ಲಿ ಇನ್ನೂ ಬಿಸಿಲಿತ್ತು. ನಾನು ಚಹಾ ತೆಗೆದುಕೊಂಡು ಹೋದೆ. ಕೊಟ್ಟ ಲೋಟವನ್ನು ಅವರು ಕುಡಿಯದೆ ಮರಳಿನ ಮೇಲೆ ಇಟ್ಟರು.

"ಇಲ್ಲಿಂದ ಹೊರಗೆ ಹೋಗ್ಲಿಕ್ಕೆ ಬೇರೆ ದಾರಿ ಇಲ್ವಾ?" ಎಂದು ಕೇಳಿದರು.

"ಇಲ್ಲವಂತೆ ಮೇಡಂ."

ಕಂಬಳಿಯನ್ನು ಇನ್ನಷ್ಟು ಬಿಗಿಯಾಗಿ ಎಳೆದುಕೊಂಡರು. ಆಮೇಲೆ, "ಹೆದರಿಕೆ ಆಗ್ತದೆ ಶೆಟ್ರೇ" ಎಂದರು. ಅವರ ಬಾಯಿಯಲ್ಲಿ ಆ ಶಬ್ದ ಬೇರೆ ಭಾಷೆಯ ಶಬ್ದದ ಹಾಗೆ ಕೇಳಿಸಿತು. "ಇದು ಹೀಗೆ ಇರ್ತದೆ ಅಂತ ನನಗೆ ಗೊತ್ತೇ ಇರಲಿಲ್ಲ. ನಿಮಗೆಲ್ಲ ದಿನಾ ಹೀಗೆ ಆಗ್ತಿತ್ತಾ?"

"ನನಗಂತೂ ಆಗ್ತಿತ್ತು ಮೇಡಂ. ಮಣಿಪಾಲದ ಬಸ್ಸು ಹತ್ತುವಾಗಲೇ ಶುರು."

"ದೇವಾ! ನಾನು ದೂಡಿದೆನಲ್ಲ ಮಾರಾಯ್ರೇ ನಿಮ್ಮನ್ನು!"

ಜೀವನದಲ್ಲಿ ಒಂದೇ ಒಂದು ಸಲ ನನ್ನ ಮಾತಿಗೆ ಬೆಲೆ ಇದ್ದ ಹೊತ್ತಿನಲ್ಲಿ ನಾನು ಹೇಳಿದ್ದು, "ಬಿಸ್ಕತ್ತು ತರಲಾ ಮೇಡಂ?"

ಮರುದಿನ ಬೆಳಿಗ್ಗೆ ಗೈಡ್ ಅವರಿಗೆ ಸಾಮಾನು ಹೇರಿಕೊಂಡು ನಮ್ಮ ಹಿಂದೆ ಬರುತ್ತಿದ್ದ ದೊಡ್ಡ ದೋಣಿಯಲ್ಲಿ ಕೂರಲು ಹೇಳಿದ. ಅದು ಅಷ್ಟು ಸುಲಭಕ್ಕೆ ಮಗುಚುವುದಿಲ್ಲ, ಅಡಿಗೆಯವನ ಪಕ್ಕ ಕೂತರೆ ಸಾಕು, ಹುಟ್ಟು ಹಾಕುವುದೂ ಬೇಡ ಎಂದ. ನನಗೆ ಆ ಜಾಗದ ಮೇಲೆ ತುಂಬ ಆಸೆಯಾಯಿತು. ಮೇಡಂ ತಲೆ ಅಲ್ಲಾಡಿಸಿದರು. ನಾವೆಲ್ಲ ತಟ್ಟೆ ಹಿಡಿದು ಉಪ್ಪಿಟ್ಟಿಗೆ ಕಾಯುತ್ತಿದ್ದೆವು. ನಮ್ಮೆಲ್ಲರ ಎದುರಿಗೆ, ತಗ್ಗಿದ ದನಿಯಲ್ಲಿ, ತಮ್ಮ ಅರ್ಧಂಬರ್ಧ ಹಿಂದಿಯಲ್ಲಿ, "ಸರ್, ನನಗೆ ಮೊದಲಿನಿಂದ ಕಲಿಸಿ" ಎಂದರು. ಅವರು ಯಾರನ್ನಾದರೂ ಸರ್ ಎಂದದ್ದು ನಾನು ಕೇಳಿದ್ದು ಅದೇ ಮೊದಲು.

ದಿಣ್ಣೆಯ ಪಕ್ಕ ನೀರು ಸುತ್ತಿ ಬಂದು ನಿಧಾನವಾಗುವ ಒಂದು ಮಡು ಇತ್ತು. ಗೈಡ್ ಅವರನ್ನು ಅಲ್ಲಿಗೆ ಇಳಿಸಿದ. ಅಂಗಾತ ಮಲಗಲು ಹೇಳಿದ. ಅವರ ಮೈಗೆ ಅಭ್ಯಾಸವಾಗಿದ್ದದ್ದೇ ಬೇರೆ, ನೀರು ತಾಗಿದ ಕೂಡಲೇ ಮಗ್ಗುಲಾಗುತ್ತಿದ್ದರು, ಕೈ ತಾನಾಗಿ ಬೀಸುತ್ತಿತ್ತು. "ಕೈ ಬೇಡ! ಕುತ್ತಿಗೆ ಎತ್ತಬೇಡಿ! ಮತ್ತೆ ಮಾಡಿ!" ಎಂದು ಅವನು ಬೈದ. ನಮ್ಮ ಮೇಡಂಗೆ ಅವನು ಬೈದ. ಅವರು ಎದ್ದು, ಮೂಗು ಒರೆಸಿಕೊಂಡು, ಮತ್ತೆ ಮಲಗಿದರು. ಮತ್ತೆ ಬೈದ, ಮತ್ತೆ ಮಲಗಿದರು. ಚಳಿಗೆ ತುಟಿ ನೀಲಿಯಾಗಿತ್ತು. ಒಂದೊಂದು ಸಲ ನೀರಿಗೆ ಇಳಿಯುವ ಮೊದಲು ಅವರು ಒಂದು ಕ್ಷಣ ನಿಲ್ಲುತ್ತಿದ್ದರು. ಆ ನಿಲ್ಲುವಿಕೆ ಏನೆಂದು ನನಗಿಂತ ಚೆನ್ನಾಗಿ ಬಲ್ಲವರು ಆ ಕಣಿವೆಯಲ್ಲಿ ಯಾರೂ ಇರಲಿಲ್ಲ. ನಾನು ಇಷ್ಟು ದಿನ ದೂಡಿಸಿಕೊಂಡವನು, ನಗುವ ಹಕ್ಕು ನನಗಿತ್ತು. ನಗು ಬರಲಿಲ್ಲ. ಕೈಯಲ್ಲಿದ್ದ ಉಪ್ಪಿಟ್ಟು ತಣ್ಣಗಾಯಿತು.

ಕೊನೆಗೆ ಅವರು ಕಾಲ್ಬೆರಳು ಮೇಲೆ ಮಾಡಿಕೊಂಡು, ಕೈ ಸಡಿಲ ಬಿಟ್ಟು, ಆಕಾಶ ನೋಡುತ್ತಾ ಮಡುವಿನ ಒಂದು ತುದಿಯಿಂದ ಇನ್ನೊಂದು ತುದಿಗೆ ತೇಲಿಕೊಂಡು ಹೋದರು. ಗೈಡ್ ಈ ಸಲ ಬೈಯದೆ ದೋಣಿ ಸಜ್ಜು ಮಾಡಲು ಹೋದ. ಉಳಿದ ದಿನಗಳಲ್ಲಿ ಅವರು ಮತ್ತೆ ಮುಂದಿನ ಸಾಲಿನಲ್ಲೇ ಕೂತರು. ನಮಗೆ ಮಾತ್ರ ಏನೂ ಹೇಳಲಿಲ್ಲ, ಗೈಡ್ ಕೂಗಿದ್ದನ್ನು ಮಾಡುತ್ತಿದ್ದರು, ಅಷ್ಟೆ. ನದಿ ಸಿಂಧುವಿಗೆ ಸೇರುವಲ್ಲಿ ಇಳಿದು ಎಲ್ಲರೂ ಫೋಟೋ ತೆಗೆಯುತ್ತಿದ್ದಾಗ ಅವರು, "ಊಟಕ್ಕೆ ಎಂತ ಉಂಟಂತೆ?" ಎಂದು ಕೇಳಿದರು. ಆಗ ನನಗೆ ಸಮಾಧಾನವಾಯಿತು.

ಮಣಿಪಾಲಕ್ಕೆ ಬಂದ ಮೇಲೆ ಅವರು ಯಾರನ್ನೂ ದೂಡಲಿಲ್ಲ. ಹೊಸಬರು ಬಂದರೆ ತಾವು ಮೊದಲು ನೀರಿಗಿಳಿದು, ಎದೆಮಟ್ಟ ನೀರಿನಲ್ಲಿ ನಿಂತು, ಸುಮ್ಮನೆ ಕಾಯುತ್ತಿದ್ದರು. ಒಬ್ಬ ಪ್ರೊಫೆಸರರು ಒಂದು ವಾರ ಮೆಟ್ಟಿಲಿನ ಮೇಲೆಯೇ ಕೂತಿದ್ದರು. ಮೇಡಂ ದಿನವೂ ಅವರ ಎದುರು ನೀರಿನಲ್ಲಿ ನಿಂತು ಹಲಸಿನ ಹಪ್ಪಳದ ವಿಷಯವೋ ಹಿರಿಯಡ್ಕದ ರಸ್ತೆಯ ಹೊಂಡದ ವಿಷಯವೋ ಮಾತಾಡುತ್ತಿದ್ದರು. ಮಾತಿನ ನಡುವೆ ಪ್ರೊಫೆಸರರು ಯಾವಾಗ ಇಳಿದರೆಂದು ಅವರಿಗೇ ಗೊತ್ತಾಗಲಿಲ್ಲ.

ಇಷ್ಟೇ ಆಗಿದ್ದರೆ ನನಗೆ ತೊಂದರೆಯಿರಲಿಲ್ಲ. ಆದರೆ ಪ್ರತಿ ಹೊಸ ಬ್ಯಾಚಿಗೂ ಮೊದಲ ದಿನ ಅವರು ತಾವು ಮುಳುಗಿದ ಕಥೆ ಹೇಳುತ್ತಿದ್ದರು. ಕಥೆಯ ಕೊನೆಯಲ್ಲಿ ನನ್ನ ಕಡೆ ಕೈ ತೋರಿಸುತ್ತಿದ್ದರು. "ಅಗೋ, ಆ ಬದಿಯಲ್ಲಿ ಕಂಬ ಹಿಡ್ಕೊಂಡು ನಿಂತಿದ್ದಾರಲ್ಲ, ಅವರು ನನ್ನನ್ನು ಉಳಿಸಿದ್ದು. ತೇಲಲಿಕ್ಕೆ ಎಷ್ಟು ಕಾಲ ತಗೊಂಡವರು ಗೊತ್ತುಂಟಾ!" ಎಲ್ಲರೂ ನನ್ನ ಕಡೆ ತಿರುಗುವರು. ನಾನು ಹೊಟ್ಟೆ ಒಳಗೆ ಎಳೆದುಕೊಂಡು, "ಹಾಗಲ್ಲ, ನನಗೆ ಕಣ್ಣು ಕಾಣುತ್ತಿರಲಿಲ್ಲ, ದೋಣಿ ಅಂತ..." ಎಂದು ಶುರು ಮಾಡುವೆ. ಅವರೆಲ್ಲ ಮೆಚ್ಚುಗೆಯಿಂದ ನಗುವರು.

ಕಥೆ ಮಣಿಪಾಲದಿಂದ ಉಡುಪಿಗೆ ಇಳಿಯಿತು. ಅಂಗಡಿಗೆ ಬಂದವರು ಕನ್ನಡಕ ನೋಡುವ ಮೊದಲು ನನ್ನನ್ನು ನೋಡತೊಡಗಿದರು. ಊರಿನ ಒಂದು ಸಂಘದವರು ಶಾಲು ಹೊದೆಸಿದರು. ಶಾಲು ಹೊದ್ದುಕೊಂಡೇ ಮೈಕಿನ ಎದುರು ನಡೆದದ್ದನ್ನು ನಡೆದ ಹಾಗೆ, ಮೂಗಿಗೆ ಬಿದ್ದ ಗುದ್ದಿನ ಸಮೇತ ಹೇಳಿದೆ. ಅಷ್ಟು ದೊಡ್ಡ ಚಪ್ಪಾಳೆ ನನಗೆ ಜೀವನದಲ್ಲಿ ಬಿದ್ದಿರಲಿಲ್ಲ. ಅಧ್ಯಕ್ಷರು ಎದ್ದು, ಸಾಧನೆಗಿಂತ ವಿನಯ ದೊಡ್ಡದು ಎಂದು ಅರ್ಧ ಗಂಟೆ ಮಾತಾಡಿದರು. ನನ್ನನ್ನು ನಂಬಿದವಳು ಹೆಂಡತಿ ಒಬ್ಬಳೇ. "ಇವರಾ? ಬಾವಿಗೆ ಬಿದ್ದ ಕೊಡಪಾನ ತೆಗೀಲಿಕ್ಕೂ ಪಕ್ಕದ ಮನೆಯವರನ್ನು ಕರೆಯುವವರು" ಎಂದು ಅವಳು ಎಲ್ಲರಿಗೂ ಹೇಳಿದಳು. ಎಷ್ಟು ಅನ್ಯೋನ್ಯ ದಂಪತಿಗಳು ಎಂದು ಜನ ಆಡಿಕೊಂಡರು.

ಮೇಡಂಗೆ ಕಾಯಿಲೆ ಹಿಡಿದ ಮೇಲೆ ಹಿರಿಯಡ್ಕದ ಮನೆ ಬಿಟ್ಟು ಅಜೆಕಾರಿನಲ್ಲಿ ತಂಗಿಯ ಜೊತೆ ಇದ್ದರು. ಕೊನೆಯ ಸಲ ನೋಡಲು ಹೋದಾಗ ಜಗಲಿಯಲ್ಲಿ ಬೆತ್ತದ ಕುರ್ಚಿಯಲ್ಲಿ ಕೂತಿದ್ದರು. ತೋಳುಗಳು ಕರಗಿಹೋಗಿದ್ದವು. ದನಿ ಮಾತ್ರ ಸ್ವಲ್ಪ ಉಳಿದಿತ್ತು. ನನ್ನ ಮುಖ ನೋಡಿ ಒಮ್ಮೆಗೇ, "ಬನ್ನಿ ಶೆಟ್ರೇ" ಎಂದರು. ಬಟ್ಟೆ ಹಾಕಿಕೊಂಡಿದ್ದರೂ ಗುರುತು ಹಿಡಿದರಲ್ಲ ಎಂದೆ. ನಕ್ಕರು, ಕೆಮ್ಮಿದರು. ತಂಗಿ ಬೆಲ್ಲದ ಕಾಫಿ ತಂದಿಟ್ಟು ಒಳಗೆ ಹೋದರು.

ಬಹಳ ದಿನದಿಂದ ಕೇಳಬೇಕೆಂದಿದ್ದದ್ದನ್ನು ಅವತ್ತು ಕೇಳಿದೆ. "ಮೇಡಂ, ನಾನು ನಿಮ್ಮನ್ನು ಉಳಿಸಲಿಕ್ಕೆ ಹಿಡಿದದ್ದಲ್ಲ ಅಂತ ನಿಮಗೆ ಗೊತ್ತುಂಟಲ್ಲ?"

"ಗೊತ್ತಿಲ್ಲದೆ ಎಂತ? ಕಿವಿ ಹತ್ರ 'ದೋಣಿ ಸಿಕ್ಕಿತು' ಅಂತ ಬೊಬ್ಬೆ ಹೊಡೆದದ್ದು ನನಗೆ ಕೇಳಲಿಲ್ಲವಾ?"

"ಮತ್ತೆ ಎಂತಕ್ಕೆ ಎಲ್ಲರಿಗೂ ಹಾಗೆ ಹೇಳಿದ್ದು? ನನಗೆ ಶಾಲು ಹೊದೆಸಿದರು ಮೇಡಂ!"

ಅವರು ಸ್ವಲ್ಪ ಹೊತ್ತು ಉಸಿರು ತೆಗೆದುಕೊಂಡರು.

"ನೀವು ಹಿಡಿದ ಮೇಲೆ ನನಗೆ ಈಜಲಿಕ್ಕೆ ಆಗಲಿಲ್ಲ ಶೆಟ್ರೇ. ನಿಮ್ಮ ಭಾರ ಎಂತ ಕಮ್ಮಿಯಾ? ಬಿಡಿಸಿಕೊಳ್ಳಲಿಕ್ಕೆ ನೋಡಿದೆ, ಮೂಗಿಗೆ ಹೊಡೆದೆ. ನೀವು ಬಿಡುವ ಜನವೇ ಅಲ್ಲ. ಹಿಂದಕ್ಕೆ ಎಳೆದು ಎಳೆದು ನನ್ನನ್ನು ಅಂಗಾತ ಮಾಡಿಬಿಟ್ರಿ. ಆಗ ಬಾಯಿ ಮೇಲೆ ಬಂತು. ಉಸಿರು ಬಂತು." ಕಾಫಿ ಲೋಟವನ್ನು ನನ್ನ ಕಡೆ ಸರಿಸಿದರು. "ನಾನು ಈಜ್ತಾ ಇದ್ದಿದ್ದರೆ ಅಲ್ಲೇ ಸತ್ತು ಹೋಗ್ತಿದ್ದೆ. ನಾನು ಹೇಳಿದ್ದರಲ್ಲಿ ಸುಳ್ಳು ಎಂತ ಉಂಟು?"

ನಾನು ಕಾಫಿ ಕುಡಿದೆ. ಕುಡಿದು ಮುಗಿಯುವವರೆಗೆ ಲೋಟದಿಂದ ಮುಖ ಎತ್ತಲಿಲ್ಲ.

"ನೀವು ಹೆದರಿದ್ದು ಒಳ್ಳೇದಾಯ್ತು" ಎಂದರು. "ಸರಿ, ಇನ್ನು ಹೊರಡಿ. ನಿಮ್ಮ ಕಣ್ಣಿಗೆ ಕತ್ತಲೆಯಲ್ಲಿ ಕಾರು ಓಡಿಸಬೇಡಿ."

ಅವರು ಹೋದ ಮೇಲೆ ಕೊಳದ ಪಕ್ಕದ ಸಭಾಂಗಣದಲ್ಲಿ ಶ್ರದ್ಧಾಂಜಲಿ ಸಭೆ ಇಟ್ಟರು. ಅವರ ಹಳೆಯ ವಿದ್ಯಾರ್ಥಿಗಳು ತುಂಬಿದ್ದರು. ಕುರ್ಚಿ ಸಾಲದೆ ಹಲವರು ಮೆಟ್ಟಿಲಿನ ಮೇಲೆ ಕೂತರು. ದಂತವೈದ್ಯರು ಝಂಸ್ಕಾರಿನ ಕಥೆ ಹೇಳಿ, "ಅಂದು ಮೇಡಂ ಅವರ ಜೀವ ಉಳಿಸಿದ ನಮ್ಮ ಶೆಟ್ರು ಈಗ ಎರಡು ಮಾತು ಹೇಳಬೇಕು" ಎಂದು ಮೈಕು ನನ್ನ ಕೈಗೆ ಕೊಟ್ಟರು. ನಾನು ಎದ್ದು ನಿಂತೆ. ಕೆಲವರು ಆಗಲೇ ಮುಗುಳ್ನಗುತ್ತಿದ್ದರು. ಹಾಗಲ್ಲ, ನಾನು ದೋಣಿ ಅಂತ ಹಿಡಿದದ್ದು ಎಂಬ ನನ್ನ ಮಾತು ಅವರಿಗೆಲ್ಲ ಬಾಯಿಪಾಠವಾಗಿತ್ತು.

"ಹೌದು" ಎಂದೆ. "ಅವರನ್ನು ಉಳಿಸಿದ್ದು ನಾನೇ."

ಮೈಕು ದಂತವೈದ್ಯರ ಕೈಗೆ ಕೊಟ್ಟು ಕೂತುಕೊಂಡೆ. ಆಮೇಲೆ ಹಿಂದಿನ ಸಾಲಿನಲ್ಲಿ ಯಾರೋ ಪಕ್ಕದವರಿಗೆ, "ಕೊನೆಗೆ ಇವರಿಗೂ ಜಂಬ ಬಂತು ನೋಡಿ" ಎಂದದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು.